ಏಳು ಇಸಿಜಿ ಆಯ್ತು, ಎದೆ ಇನ್ನೂ ಹೊಡೆದುಕೊಳ್ಳುತ್ತೆ

ಪ್ರಶ್ನೆ: ಮೇಡಂ, ನನಗೆ 39 ವರ್ಷ. ಊರು ಮಂಡ್ಯ, ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಕೌಂಟ್ಸ್ ಕೆಲಸ, ದಿನಾ ಟ್ರೈನಲ್ಲಿ ಓಡಾಟ. ಎಂಟು ವರ್ಷದ ಹಿಂದೆ ಅಪ್ಪ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಆಗಿನಿಂದ ನನಗೂ ಹಾಗೇ ಆಗುತ್ತೆ ಅನ್ನೋ ಭಯ. ಎದೆ ಡವಡವ ಅನ್ನುತ್ತೆ, ಬೆರಳ ತುದಿ ಜುಮ್ ಅನ್ನುತ್ತೆ. ಶ್ರೀರಂಗಪಟ್ಟಣದ ಹತ್ತಿರ ಸೇತುವೆ ಮೇಲೆ ಗಾಡಿ ನಿಂತುಬಿಟ್ಟರೆ ಏನು ಗತಿ ಅಂತ ಎಷ್ಟೋ ಸಲ ಪಾಂಡವಪುರ ಸ್ಟೇಷನ್ನಲ್ಲೇ ಇಳಿದುಬಿಟ್ಟಿದ್ದೇನೆ. ಏಳು ಸಲ ಇಸಿಜಿ, ಎರಡು ಸಲ ಎಕೋ (ಹೃದಯದ ಸ್ಕ್ಯಾನ್), ಒಂದು ಟಿಎಂಟಿ (ಟ್ರೆಡ್ ಮಿಲ್ ಮೇಲೆ ನಡೆಸಿ ನೋಡೋ ಪರೀಕ್ಷೆ) ಆಗಿದೆ, ಎಲ್ಲಾ ನಾರ್ಮಲ್. ಅಮ್ಮ ದೃಷ್ಟಿ ತೆಗೆದರು, ನಿಮಿಷಾಂಬ ದೇವಸ್ಥಾನಕ್ಕೂ ಹೋಗಿ ಬಂದೆವು. ಆತಂಕ ಇಳಿಸೋಕೆ ಅಂತ ಭಾಮೈದ ಕೊಟ್ಟ ಆಲ್‌ಪ್ರಜೋಲಾಮ್ ಮಾತ್ರೆ ಒಂದು ಯಾವಾಗಲೂ ಜೇಬಲ್ಲಿರುತ್ತೆ, ನುಂಗೋದು ಅಪರೂಪ. ಕೊನೆಗೆ ಡಾಕ್ಟರೇ ಕೌನ್ಸೆಲಿಂಗ್‌ಗೆ ಕಳಿಸಿದರು. ನಾಲ್ಕು ಸಲ ಹೋಗಿದ್ದೇನೆ. ಅವರು ಬುದ್ಧಿಮಾತು ಏನೂ ಹೇಳಲ್ಲ, ಸುಮ್ನೆ ನೋಟ್‌ಬುಕ್ ಬರೆಸುತ್ತಾರೆ. ಹೆಂಡತಿ, "ಮಾತಾಡೋಕೆ ದುಡ್ಡು ಯಾಕೆ ಕೊಡ್ತೀರಿ, ನಾನಿಲ್ವಾ?" ಅಂತಾಳೆ. ಬಿಟ್ಟುಬಿಡಲಾ?
(ಹೆಸರು ಬೇಡ, ಮಂಡ್ಯ)

ಉತ್ತರ: ಬಿಡಬೇಡಿ. ನಾಲ್ಕು ಸಲಕ್ಕೇ ತೀರ್ಮಾನ ಮಾಡೋದು ನಾಟಿ ಹಾಕಿದ ವಾರಕ್ಕೇ ತೆನೆ ಹುಡುಕಿದ ಹಾಗೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಏಳರ ಮೇಲೆ. ಮೊದಲನೇ ಇಸಿಜಿ ಬೇಕೇ ಬೇಕಿತ್ತು, ತಂದೆಗೆ ಹಾಗಾಗಿರುವಾಗ ಯಾರಾದರೂ ಮಾಡಿಸಲೇಬೇಕು. ಮಿಕ್ಕ ಆರು? ರಿಪೋರ್ಟ್ ಕೈಗೆ ಬಂದಾಗ ಹಾಯ್ ಅನಿಸಿರುತ್ತೆ, ನಾಲ್ಕು ದಿನ ನಿದ್ದೆ ಬಂದಿರುತ್ತೆ, ಆಮೇಲೆ "ಅವತ್ತು ಸರಿ ಇತ್ತು, ಇವತ್ತು?" ಅಂತ ಶುರುವಾಗಿರುತ್ತೆ, ಅಲ್ವಾ? ಪರೀಕ್ಷೆ ಮಾಡಿಸಿದ್ದಕ್ಕೇ ಬಚಾವಾದೆ ಅಂತ ಮನಸ್ಸು ಲೆಕ್ಕ ಬರೆದುಕೊಳ್ಳುತ್ತೆ. ಮಾಡಿಸದೇ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನೋದು ಅದಕ್ಕೆ ಗೊತ್ತಾಗೋದೇ ಇಲ್ಲ. (ನನಗೂ ಗ್ಯಾಸ್ ಆಫ್ ಮಾಡಿದೆನಾ ಅಂತ ಗೇಟಿನಿಂದ ಮೂರು ಸಲ ವಾಪಸ್ ಹೋಗೋ ಚಾಳಿ ಇತ್ತು. ಸ್ಟೌ ಯಾವತ್ತೂ ಉರಿಯುತ್ತಿರಲಿಲ್ಲ.)

ಪಾಂಡವಪುರದ ಕಥೆಯೂ ಇದೇ. ಭಯ ಆದಾಗ ದೇಹದಲ್ಲಿ ಅಡ್ರಿನಲಿನ್ ಜಾಸ್ತಿಯಾಗುತ್ತೆ, ಎದೆಬಡಿತ ಏರುತ್ತೆ, ಉಸಿರು ಬೇಗಬೇಗ ಆಡುತ್ತೆ. ಆ ಉಸಿರಾಟದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗೋದರಿಂದ ಬೆರಳು ಜುಮ್ ಅನ್ನುತ್ತೆ. ಇದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮೇಲಕ್ಕೆ ಮುಟ್ಟಿ, ಆಮೇಲೆ ತಾನಾಗೇ ಇಳಿಯುತ್ತೆ. ಅದು ಇಳಿಯೋದನ್ನು ನೀವು ಎಂಟು ವರ್ಷದಲ್ಲಿ ಪೂರ್ತಿ ನೋಡೇ ಇಲ್ಲ, ಯಾಕಂದ್ರೆ ಅದಕ್ಕಿಂತ ಮೊದಲು ನೀವೇ ಇಳಿದುಬಿಟ್ಟಿರುತ್ತೀರಿ.

ಆ ನೋಟ್‌ಬುಕ್ ಇರೋದು ಇದಕ್ಕೇ. ಎಲ್ಲಿ ಭಯ ಆಯಿತು, ಆಗ ತಲೆಗೆ ಏನು ಬಂತು, ಹತ್ತಕ್ಕೆ ಎಷ್ಟು, ಅರ್ಧ ಗಂಟೆ ಬಿಟ್ಟು ಎಷ್ಟು. ನೀವು ಲೆಕ್ಕದ ಮನುಷ್ಯರು, ಈ ಕೊನೆಯ ಕಾಲಂ ಖಾಲಿ ಬಿಡಬೇಡಿ. ಈ ವಿಧಾನಕ್ಕೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆ ಬದಲಾಯಿಸೋ ಚಿಕಿತ್ಸೆ) ಅಂತಾರೆ, ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಶುರು ಮಾಡಿದ್ದು. ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾರು ಭೇಟಿ ಹಿಡಿಯುತ್ತೆ. ಬರೆಸಿದ ಮೇಲೆ ಮೆಲ್ಲಗೆ ಅಭ್ಯಾಸ ಶುರುವಾಗುತ್ತೆ: ಸೇತುವೆ ದಾಟೋವರೆಗೂ ಸೀಟು ಬಿಟ್ಟು ಏಳದೇ ಇರೋದು, ಮಣಿಕಟ್ಟಿನ ಮೇಲಿಂದ ಬೆರಳು ತೆಗೆದು ಕೂರೋದು. ನಾಡಿ ನೋಡಿಕೊಳ್ಳೋ ವಿಷಯ ನೀವು ಬರೆದಿಲ್ಲ, ಆದರೆ ಆ ಬೆರಳು ಅಲ್ಲೇ ಇರುತ್ತೆ ಅಂತ ನನ್ನ ಅಂದಾಜು.

ಮುಂದಿನ ಸಲ ಹೋದಾಗ ನಾಚಿಕೆ ಬಿಟ್ಟು ಕೇಳಿ. "ನಾವು ಯಾವ ದಾರೀಲಿ ಹೋಗ್ತಿದ್ದೀವಿ? ಇನ್ನೆಷ್ಟು ಸಲ ಬರಬೇಕು? ನೀವು ಏನು ಓದಿದ್ದೀರಿ?" ಸರಿಯಾದವರು ಬೇಜಾರು ಮಾಡಿಕೊಳ್ಳಲ್ಲ. ಮುಖ ಗಂಟು ಹಾಕಿಕೊಂಡರೆ ಬೇರೆಯವರನ್ನು ಹುಡುಕಿ, ಕೌನ್ಸೆಲಿಂಗನ್ನೇ ಬಿಡಬೇಡಿ.

ಜೇಬಿನ ಮಾತ್ರೆ ಬಗ್ಗೆ ನನಗೆ ಸಿಟ್ಟಿದೆ. ಆಲ್‌ಪ್ರಜೋಲಾಮ್ ಅಭ್ಯಾಸವಾಗಿ ಬಿಡುವ ಮಾತ್ರೆ, ಭಾಮೈದ ಹಂಚುವ ವಸ್ತು ಅಲ್ಲ. ನಿದ್ದೆ ಊಟ ಕೆಟ್ಟು ಮಾತ್ರೆ ಬೇಕೇ ಬೇಕು ಅನಿಸಿದರೆ ಮನೋವೈದ್ಯರನ್ನು ನೋಡಿ, ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಸಿಗುತ್ತಾರೆ. ಅವರು ಕೊಡುವ ಆತಂಕದ ಮಾತ್ರೆಗಳು ಕೆಲಸ ಶುರು ಮಾಡೋಕೆ ಕೆಲವು ವಾರ ಬೇಕು, ಎರಡೇ ದಿನಕ್ಕೆ ಬಿಸಾಡಬೇಡಿ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೆ ಹೊಡೆದುಕೊಳ್ಳುತ್ತೆ, ಅದನ್ನು ನೋಡಿಸಿಲ್ಲದಿದ್ದರೆ ಒಂದೇ ಒಂದು ಸಲ ನೋಡಿಸಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿದುಕೊಳ್ಳೋ ಹೊಸ ನೋವು ಬಂದರೆ ಮಾತ್ರ ಅದು ಬೇರೆ ವಿಷಯ, ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಇನ್ನು ನಿಮ್ಮ ಮನೆಯವರ ಮಾತು. ಅವರಿದ್ದಾರೆ, ಅದು ನಿಮ್ಮ ಪುಣ್ಯ. ಆದರೆ ದಿನಾ ರಾತ್ರಿ "ಏನೂ ಆಗಲ್ಲ ಬಿಡ್ರೀ" ಅಂತ ಅವರು ಹೇಳೋದೂ ಎಂಟನೇ ಇಸಿಜಿಯೇ. ಒಂದು ಸಲ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಕೌನ್ಸೆಲರ್ ಎದುರೇ ಈ ಮಾತು ಆಗಲಿ.

ಪ್ರಶ್ನೆ: ಮಗಳು ಬೆಂಗಳೂರಲ್ಲಿ ಪಿಜಿಯಲ್ಲಿದ್ದು ಓದುತ್ತಿದ್ದಾಳೆ. ಆತಂಕ ಅಂತ ದಿನಕ್ಕೆ ಹತ್ತು ಸಲ ಫೋನ್ ಮಾಡಿ "ಅಮ್ಮ, ನಂಗೇನೂ ಆಗಲ್ಲ ತಾನೇ?" ಅಂತಾಳೆ. ಏನು ಹೇಳಲಿ?
(ಒಬ್ಬ ತಾಯಿ, ಕುವೆಂಪುನಗರ, ಮೈಸೂರು)

ಉತ್ತರ: ಮೊದಲನೇ ಸಲ ಸಮಾಧಾನವಾಗಿ ಉತ್ತರ ಕೊಡಿ. ಎರಡನೇ ಸಲ ಅದೇ ಪ್ರಶ್ನೆ ಬಂದರೆ "ಬೆಳಿಗ್ಗೆ ಕೇಳಿದಾಗ ನಾನೇನು ಹೇಳಿದೆ, ನೀನೇ ಹೇಳು" ಅನ್ನಿ. ಆಮೇಲೆ ಮಧ್ಯಾಹ್ನ ಮೆಸ್‌ನಲ್ಲಿ ಏನಿತ್ತು ಅಂತ ಕೇಳಿ. ಫೋನ್ ಕಟ್ ಮಾಡಬೇಡಿ, ಬೈಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಅವಳ ಫೋನಲ್ಲಿ ಸೇವ್ ಆಗಿರಲಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಕೌನ್ಸೆಲಿಂಗ್ ಅಲ್ಲೇ ಬೆಂಗಳೂರಲ್ಲಿ ಶುರು ಮಾಡಲಿ, ಮೈಸೂರಿಗೆ ವಾಪಸ್ ಕರೆಸಿಕೊಳ್ಳೋ ಯೋಚನೆ ಸದ್ಯಕ್ಕೆ ಬೇಡ. ನಿಮಗೂ ಅವಳ ಫೋನ್ ಬರದಿದ್ದರೆ ಎದೆ ಹೊಡೆದುಕೊಳ್ಳುತ್ತಾ? ಹಾಗಿದ್ದರೆ ಅದನ್ನೂ ಬರೆದು ಕಳಿಸಿ.