ಪ್ರಶಸ್ತಿಗಳ ಪಟ್ಟಿ ಬೇಡ, ನೀರಿನ ಲೆಕ್ಕ ಕೊಡಿ

ಆತ್ಮೀಯರೇ,

ನೀವು ಕಳಿಸಿದ ‘ಜಲಲೋಕದ ಯುವತಾರೆ’ ಲೇಖನ ತಲುಪಿದೆ. ಬೋರ್‌ವೆಲ್ ನೀರಿನಿಂದ ಫ್ಲೋರೈಡ್ ತೆಗೆಯುವ ಪುಡಿಯೊಂದನ್ನು ರೂಪಿಸಿ, ಈಚೆಗೆ ಪಿಎಚ್‌ಡಿ ಮುಗಿಸಿದ ಸಂಶೋಧಕಿಯ ಪರಿಚಯ ಅದು. ವಿಷಯ ನಮಗೆ ಬೇಕಾದದ್ದೇ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಓದುಗರು ಫ್ಲೋರೈಡ್ ಹೆಚ್ಚಾದಾಗ ಬರುವ ಹಲ್ಲಿನ ಕಂದು ಕಲೆ, ಮಡಚಲಾಗದ ಮಂಡಿ ಎರಡನ್ನೂ ಮನೆಯಲ್ಲೇ ಕಂಡವರು. ಆ ಕಷ್ಟದ ಮೇಲೆ ಕೆಲಸ ಮಾಡುವ ಎಳೆಯ ಸಂಶೋಧಕರ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಹಾಗಿದ್ದೂ ಲೇಖನವನ್ನು ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಹದಿನಾಲ್ಕು ಪ್ಯಾರಾಗಳಲ್ಲಿ ಒಂಬತ್ತನ್ನು ಪ್ರಶಸ್ತಿ, ಫೆಲೋಶಿಪ್, ಸನ್ಮಾನಗಳೇ ತಿಂದುಹಾಕಿವೆ. ಸಂಶೋಧನೆಗೆ ಉಳಿದದ್ದು ಒಂದೇ ಸಾಲು: ‘ಇವರು ಕಂಡುಹಿಡಿದ ವಸ್ತು ನೀರಿನಲ್ಲಿರುವ ಶೇ. 99ರಷ್ಟು ಫ್ಲೋರೈಡನ್ನು ಹೀರಿಕೊಳ್ಳುತ್ತದೆ.’

ನಿಜವಾದ ಲೇಖನ ಅಡಗಿರುವುದು ಆ ಸಾಲಿನಲ್ಲೇ. ಅದನ್ನು ಬಿಚ್ಚಿ ಬರೆಯಿರಿ.

ಶೇ. 99 ಅಂದರೆ ಎಷ್ಟರಿಂದ ಎಷ್ಟಕ್ಕೆ? ಲೀಟರಿಗೆ 10 ಮಿಲಿಗ್ರಾಂ ಇದ್ದದ್ದು 0.1ಕ್ಕೆ ಇಳಿದರೂ ಶೇ. 99, 200 ಇದ್ದದ್ದು 2ಕ್ಕೆ ಇಳಿದರೂ ಶೇ. 99. ಎರಡನೆಯ ನೀರು ಕುಡಿಯಲು ಬಾರದು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ, ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 1.5. ಜೊತೆಗೆ, ಒಂದು ಲೀಟರಿಗೆ ಎಷ್ಟು ಗ್ರಾಂ ಪುಡಿ ಹಾಕಿದರು ಎನ್ನುವುದೂ ಬರಬೇಕು. ಪುಡಿ ಜಾಸ್ತಿ ಸುರಿದಷ್ಟೂ ಶೇಕಡಾವಾರು ತಾನಾಗಿ ಏರುತ್ತದೆ.

ಹಾಗಾಗಿ ಈ ಕ್ಷೇತ್ರದವರು ಮೊದಲು ನೋಡುವುದು ಒಂದು ಗ್ರಾಂ ಪುಡಿ ಎಷ್ಟು ಮಿಲಿಗ್ರಾಂ ಫ್ಲೋರೈಡ್ ಹಿಡಿಯಿತು ಎಂಬುದನ್ನು. ಅಲ್ಲೂ ಎಚ್ಚರ ಬೇಕು. ಪ್ರಬಂಧದ ಸಾರಾಂಶದಲ್ಲಿ ಕಾಣುವ ದೊಡ್ಡ ಅಂಕಿ ಸಾಮಾನ್ಯವಾಗಿ ಗರಿಷ್ಠ ಸಾಮರ್ಥ್ಯ. ನೀರಿನಲ್ಲಿ ಇನ್ನೂ ಧಾರಾಳವಾಗಿ ಫ್ಲೋರೈಡ್ ಉಳಿದಿರುವಾಗ ಸಿಗುವಂಥದ್ದು. ಹೊರಬರುವ ನೀರಿನಲ್ಲಿ 1 ಮಿಲಿಗ್ರಾಂ ಮಾತ್ರ ಉಳಿಯಬೇಕು ಎಂದಾಗ ಅದೇ ಪುಡಿ ಹಿಡಿಯುವುದು ಅದಕ್ಕಿಂತ ಬಹಳ ಕಡಿಮೆ. ಈ ವ್ಯತ್ಯಾಸವನ್ನು ಓದುಗರಿಗೆ ಅಡುಗೆಮನೆಯ ಲೆಕ್ಕದಲ್ಲಿ ತೋರಿಸಬಹುದು. ಒಂದು ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕು ಎಂದಿಟ್ಟುಕೊಳ್ಳಿ. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ ಇದೆ, 1ಕ್ಕೆ ಇಳಿಸಬೇಕು. ದಿನಕ್ಕೆ ತೆಗೆಯಬೇಕಾದದ್ದು 60 ಮಿಲಿಗ್ರಾಂ. ಗ್ರಾಂಗೆ 5 ಮಿಲಿಗ್ರಾಂ ಹಿಡಿಯುವ ಪುಡಿಯಾದರೆ ತಿಂಗಳಿಗೆ 360 ಗ್ರಾಂ ಸಾಕು. ಆ ನೀರಿನಲ್ಲಿ ಹಿಡಿಯುವುದು ಗ್ರಾಂಗೆ 1 ಮಿಲಿಗ್ರಾಂ ಮಾತ್ರ ಅಂತಾದರೆ 1.8 ಕಿಲೋ ಬೇಕು. ಇವು ನಾವು ಲೆಕ್ಕ ತೋರಿಸಲು ಇಟ್ಟ ಅಂಕಿಗಳು. ಆ ಜಾಗದಲ್ಲಿ ಸಂಶೋಧಕಿಯ ಪ್ರಬಂಧದ ಅಂಕಿ ಹಾಕಿ, ಕಿಲೋಗೆ ಎಷ್ಟು ಖರ್ಚು ಬೀಳುತ್ತದೆ ಎಂದೂ ಅವರನ್ನೇ ಕೇಳಿ ಬರೆಯಿರಿ. ಓದುಗರು ಕಾಯುವುದು ಆ ಮಾತಿಗೆ.

ಮುಂದಿನ ಪ್ರಶ್ನೆ: ಪರೀಕ್ಷಿಸಿದ್ದು ಯಾವ ನೀರನ್ನು? ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಸುಮಾರು 22 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಕರಗಿಸಿದರೆ ಲೀಟರಿಗೆ 10 ಮಿಲಿಗ್ರಾಂ ಫ್ಲೋರೈಡ್ ಇರುವ ನೀರು ತಯಾರು. ಇಂಥ ನೀರಿನಲ್ಲಿ ಬಹುತೇಕ ಎಲ್ಲ ಪುಡಿಗಳೂ ಚೆನ್ನಾಗಿ ಕೆಲಸ ಮಾಡುತ್ತವೆ. ಬೋರ್‌ವೆಲ್ ನೀರಿನ ಕಥೆ ಬೇರೆ. ಅದರಲ್ಲಿ ಬೈಕಾರ್ಬನೇಟ್, ಸಿಲಿಕಾ ಇರುತ್ತವೆ, ಕೆಲವೆಡೆ ಫಾಸ್ಫೇಟ್ ಕೂಡ. ಪುಡಿಯ ಮೈಮೇಲಿನ ಜಾಗಕ್ಕೆ ಅವೂ ಫ್ಲೋರೈಡ್ ಜೊತೆ ಪೈಪೋಟಿಗೆ ಬೀಳುತ್ತವೆ. ಪಿಎಚ್ ಸಹ ಲೆಕ್ಕಕ್ಕೆ ಬರುತ್ತದೆ. ಫ್ಲೋರೈಡ್ ತೆಗೆಯಲು ಬಳಸುವ ಆಕ್ಟಿವೇಟೆಡ್ ಅಲ್ಯುಮಿನಾ ಚುರುಕಾಗಿ ಹಿಡಿಯುವುದು ಪಿಎಚ್ 5.5–6ರ ಆಸುಪಾಸಿನಲ್ಲಿ, ಫ್ಲೋರೈಡ್ ಹೆಚ್ಚಿರುವ ನಮ್ಮ ಕಡೆಯ ನೀರು ಸಾಮಾನ್ಯವಾಗಿ 7ಕ್ಕಿಂತ ಮೇಲೆ. ಹಳ್ಳಿಯ ಮನೆಯಲ್ಲಿ ದಿನಾ ಆಸಿಡ್ ಹಾಕಿ ಪಿಎಚ್ ಇಳಿಸಿಕೊಳ್ಳಿ ಅನ್ನಲು ಬರುವುದಿಲ್ಲ.

ಅಳತೆಯ ಬಗ್ಗೆಯೂ ಕೇಳಿ. ಫ್ಲೋರೈಡನ್ನು ಸಾಮಾನ್ಯವಾಗಿ ಎಲೆಕ್ಟ್ರೋಡ್‌ನಿಂದ ಅಳೆಯುತ್ತಾರೆ. ಅಲ್ಯುಮಿನಿಯಂ ಇರುವ ಪುಡಿಯಾದರೆ ಸ್ವಲ್ಪ ಅಲ್ಯುಮಿನಿಯಂ ನೀರಿಗೆ ಬಿಡಬಹುದು. ಅದು ಫ್ಲೋರೈಡನ್ನು ಕಟ್ಟಿಹಾಕುತ್ತದೆ. ಕಟ್ಟಿಬಿದ್ದ ಫ್ಲೋರೈಡ್ ಎಲೆಕ್ಟ್ರೋಡ್‌ಗೆ ಕಾಣುವುದಿಲ್ಲ. ಟಿಸಾಬ್ ಎಂಬ ಬಫರ್ ದ್ರಾವಣವನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿ ಅದನ್ನು ಬಿಡಿಸದೆ ಅಳೆದರೆ, ಫ್ಲೋರೈಡ್ ನೀರಿನಲ್ಲೇ ಇದ್ದರೂ ಹೋಗಿದೆ ಎಂದು ಯಂತ್ರ ತೋರಿಸುತ್ತದೆ. ನಿಮ್ಮ ಸಂಶೋಧಕಿ ಇದನ್ನು ನೋಡಿಕೊಂಡು, ಹೊರಬಂದ ನೀರಿನ ಅಲ್ಯುಮಿನಿಯಂ ಕೂಡ ಅಳೆದಿದ್ದರೆ ಅದೇ ಅವರ ದೊಡ್ಡ ಸಾಧನೆ, ಒಂದಿಡೀ ಪ್ಯಾರಾಗೆ ಯೋಗ್ಯ. ಪುಡಿಯ ಶಕ್ತಿ ತೀರಿದ ಮೇಲೆ ಏನು ಮಾಡುತ್ತಾರೆ ಎಂಬುದನ್ನೂ ಬಿಡಬೇಡಿ. ಕಾಸ್ಟಿಕ್ ಸೋಡಾದಲ್ಲಿ ತೊಳೆದು ಮತ್ತೆ ಬಳಸಬಹುದು. ಆದರೆ ತೊಳೆದ ಆ ನೀರಿನಲ್ಲಿ ಫ್ಲೋರೈಡ್ ಬಹಳ ಹೆಚ್ಚಿರುತ್ತದೆ. ಅದನ್ನು ಹಿತ್ತಿಲಿಗೆ ಚೆಲ್ಲಿದರೆ ತೊಂದರೆ ಇನ್ನೊಂದು ಬಾವಿಗೆ ದಾಟಿತು, ಅಷ್ಟೇ.

ಇನ್ನು ಪ್ರಶಸ್ತಿಗಳ ವಿಚಾರ. ಪೂರ್ತಿ ತೆಗೆಯಿರಿ ಎನ್ನುತ್ತಿಲ್ಲ. ಮನ್ನಣೆ ಎಳೆಯ ಸಂಶೋಧಕರಿಗೆ ಕೆಲಸ ಕೊಡಿಸುತ್ತದೆ, ಮುಂದಿನ ಪ್ರಾಜೆಕ್ಟ್‌ಗೆ ದುಡ್ಡು ತರುತ್ತದೆ. ಅದನ್ನು ಗೌರವದಿಂದಲೇ ಬರೆಯಬೇಕು, ಅಂದರೆ ಸರಿಯಾಗಿ ಬರೆಯಬೇಕು. ‘ಯುರೋಪಿನ ಅತ್ಯುನ್ನತ ಜಲವಿಜ್ಞಾನ ಪ್ರಶಸ್ತಿ’ ಎಂದು ನೀವು ಬರೆದಿರುವುದು, ನೀವೇ ಲಗತ್ತಿಸಿದ ಪ್ರಮಾಣಪತ್ರದ ಪ್ರಕಾರ, ವಿಯೆನ್ನಾದಲ್ಲಿ ನಡೆಯುವ ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ ಸಮ್ಮೇಳನದಲ್ಲಿ ವಿದ್ಯಾರ್ಥಿಗಳ ಉತ್ತಮ ಮಂಡನೆಗೆ ಕೊಡುವ ಬಹುಮಾನ. ಅದು ಸಣ್ಣದೇನಲ್ಲ. ತಾನೇ ಮಾಡಿದ ಕೆಲಸದ ಪೋಸ್ಟರ್ ಮುಂದೆ ನಿಂತು, ಆ ವಿಷಯದಲ್ಲಿ ಪಳಗಿದವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಗೆದ್ದದ್ದು. ಹಾಗೆಂದೇ ಬರೆಯಿರಿ. ಉಬ್ಬಿಸಿ ಬರೆದರೆ, ವಿಷಯ ಗೊತ್ತಿರುವ ಒಬ್ಬ ಓದುಗ ಸಾಕು, ಅವರ ಉಳಿದ ಸಾಧನೆಯನ್ನೂ ಅನುಮಾನದಿಂದ ನೋಡತೊಡಗುತ್ತಾನೆ. ನಷ್ಟ ಅವರಿಗೆ.

ಪತ್ರಿಕೆಗಳಲ್ಲಿ ಮತ್ತೆಮತ್ತೆ ಕಾಣುವ ಇನ್ನೊಂದು ಗೊಂದಲ ನಿಮ್ಮ ಲೇಖನದಲ್ಲೂ ಇದೆ. 2015ರಲ್ಲಿ ರಾಜಸ್ಥಾನದ ಜಲಸಂರಕ್ಷಕ ರಾಜೇಂದ್ರ ಸಿಂಗ್ ಅವರಿಗೆ ಬಂದದ್ದು ಸ್ಟಾಕ್‌ಹೋಮ್ ವಾಟರ್ ಪ್ರೈಜ್. ಸ್ಟಾಕ್‌ಹೋಮ್ ಜೂನಿಯರ್ ವಾಟರ್ ಪ್ರೈಜ್ ಬೇರೆಯದು; 1997ರಿಂದ ನಡೆಯುತ್ತಿದೆ, 15ರಿಂದ 20 ವರ್ಷದ ವಿದ್ಯಾರ್ಥಿಗಳಿಗೆ. ಪಿಎಚ್‌ಡಿ ಆದವರ ಪರಿಚಯದಲ್ಲಿ ಇವೆರಡನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಓದುಗರು ದಾರಿ ತಪ್ಪುತ್ತಾರೆ.

ವಯಸ್ಸಿನ ಮಿತಿಯೂ ಪ್ರಶಸ್ತಿಗೊಂದು ಥರ. ಅಂತರರಾಷ್ಟ್ರೀಯ ಜಲವಿಜ್ಞಾನ ಸಂಘದ ಟಿಸಾನ್ ಪ್ರಶಸ್ತಿ 1982ರಲ್ಲಿ ಶುರುವಾದದ್ದು. ಸಂಘದ ಪ್ರಕಟಣೆಗಳಲ್ಲಿ ಬಂದ ಪ್ರಬಂಧಕ್ಕೆ ಕೊಡುತ್ತಾರೆ, ಲೇಖಕರಿಗೆ 41 ತುಂಬಿರಬಾರದು. ನಮ್ಮ ದೇಶದ ಭಟ್ನಾಗರ್ ವಿಜ್ಞಾನ ಪ್ರಶಸ್ತಿಗೆ (2024ರಿಂದ ಅದರ ಹೆಸರು ‘ವಿಜ್ಞಾನ ಯುವ–ಶಾಂತಿ ಸ್ವರೂಪ್ ಭಟ್ನಾಗರ್’) ಮಿತಿ 45. ಮೇಲೆ ಹೇಳಿದ ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ನಿನವರು ಎಳೆಯ ಸಂಶೋಧಕರು ಯಾರೆಂಬುದಕ್ಕೆ ವಯಸ್ಸು ನೋಡದೆ, ಕೊನೆಯ ಪದವಿ ಪಡೆದು ಏಳು ವರ್ಷದೊಳಗೆ ಎಂದು ಎಣಿಸುತ್ತಾರೆ. ಮಕ್ಕಳ ಪಾಲನೆಗೆ ಬಿಡುವು ತೆಗೆದುಕೊಂಡಿದ್ದರೆ ಆ ಅವಧಿಗೆ ವಿನಾಯಿತಿ ಇದೆ. ಹೆರಿಗೆಯ ನಂತರ ಪ್ರಯೋಗಾಲಯಕ್ಕೆ ಮರಳುವ ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ಎರಡು ವಾಕ್ಯದಲ್ಲಿ ಬರೆದರೂ ನಿಮ್ಮ ಲೇಖನಕ್ಕೆ ಬೆಲೆ ಬರುತ್ತದೆ.

ಮನ್ನಣೆಯನ್ನು ಕೆಲಸಕ್ಕೆ ಹೊಲಿಯುವ ಬಗೆಗೆ ಒಂದು ಉದಾಹರಣೆ. 2020ರಲ್ಲಿ ಭೂವಿಜ್ಞಾನ ವಿಭಾಗದ ಭಟ್ನಾಗರ್ ಪ್ರಶಸ್ತಿ ಪಡೆದವರಲ್ಲಿ ಖರಗ್‌ಪುರ ಐಐಟಿಯ ಅಭಿಜಿತ್ ಮುಖರ್ಜಿ ಒಬ್ಬರು. ‘ಪ್ರಶಸ್ತಿ ಬಂತು’ ಎಂದು ಬರೆದು ನಿಲ್ಲಿಸಿದರೆ ಸುದ್ದಿಯಾಯಿತು. ಗಂಗಾ ಬಯಲಿನ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್‌ಗೆ ಅಂಟಿಕೊಂಡಿರುವ ಆರ್ಸೆನಿಕ್, ಆಮ್ಲಜನಕವಿಲ್ಲದ ಜಾಗದಲ್ಲಿ ಸಾವಯವ ಪದಾರ್ಥ ಕೊಳೆತು ಆ ಆಕ್ಸೈಡ್ ಕರಗಿದಾಗ ನೀರಿಗೆ ಬಿಡುತ್ತದೆ, ಹಾಗಾಗಿ ಕೊಳವೆಬಾವಿಯ ಆಳ ಇಲ್ಲಿ ಜೀವದ ಪ್ರಶ್ನೆಯಾಗುತ್ತದೆ, ಇಂಥ ಅಂತರ್ಜಲವೇ ಅವರ ಅಧ್ಯಯನದ ವಿಷಯ ಎಂದು ಬರೆದರೆ ಪ್ರಶಸ್ತಿ ಯಾಕೆಂದು ಓದುಗರಿಗೇ ತಿಳಿಯುತ್ತದೆ.

ನೀವು ಪಟ್ಟಿ ಮಾಡಿರುವ ‘ಬೆಸ್ಟ್ ಯಂಗ್ ಸೈಂಟಿಸ್ಟ್’ ಪ್ರಶಸ್ತಿಗಳಲ್ಲಿ ಎರಡನ್ನು ನಾವೇ ತೆಗೆಯುತ್ತೇವೆ. ‘ನೀವು ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿ’ ಎಂದು ಇಮೇಲ್ ಬರುವ ಬಗೆಯವು ಅವು. ತೀರ್ಪುಗಾರರು ಯಾರು, ಹಿಂದಿನ ವರ್ಷ ಯಾರಿಗೆ ಬಂತು, ಯಾವ ಕೆಲಸಕ್ಕೆ ಎಂಬ ಮೂರೂ ಬಹಿರಂಗವಾಗಿ ಸಿಗದಿದ್ದರೆ ಅದನ್ನು ಬರೆಯಬೇಡಿ. ಹೊಸಬರು ಇಂಥವಕ್ಕೆ ಸ್ಟೈಪೆಂಡ್ ಹಣ ಸುರಿಯುವುದನ್ನು ಕಂಡರೆ ಸಂಕಟವಾಗುತ್ತದೆ.

‘ಇವರೊಬ್ಬರೇ ಕಂಡುಹಿಡಿದರು’ ಎಂಬ ಮಾತನ್ನೂ ತಿದ್ದಿ. ನೀವು ಕೊಟ್ಟ ಪ್ರಬಂಧದಲ್ಲಿ ಐವರು ಲೇಖಕರಿದ್ದಾರೆ. ಇಂಥ ಪ್ರಬಂಧಗಳ ಕೊನೆಯಲ್ಲಿ ಯಾರು ಪ್ರಯೋಗ ಮಾಡಿದರು, ಯಾರು ಮಾದರಿ ತಂದರು, ಯಾರು ಲೆಕ್ಕ ಹಾಕಿದರು ಎಂಬ ವಿವರ ಇರುವುದುಂಟು. ಅದನ್ನು ನೋಡಿ ಬರೆಯಿರಿ. ಹಳ್ಳಿಹಳ್ಳಿ ಸುತ್ತಿ ಬಾಟಲಿಯಲ್ಲಿ ನೀರು ತುಂಬಿ ತಂದವರ ಹೆಸರು ಎಷ್ಟೋ ಸಲ ಕೃತಜ್ಞತೆಯ ಸಾಲಿನಲ್ಲಷ್ಟೇ ಇರುತ್ತದೆ. ಅವರ ಒಪ್ಪಿಗೆ ಪಡೆದು ನಿಮ್ಮ ಲೇಖನಕ್ಕೆ ತನ್ನಿ. ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಎಂಬುದರಿಂದ ಹಾಕುವ ಎಚ್-ಇಂಡೆಕ್ಸ್ ಅಂಕಿ ಬೇಡ. ನಮ್ಮವರ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ ಬಂದು ಒಬ್ಬರೇ ಇಬ್ಬರಾಗುತ್ತಾರೆ, ಇಬ್ಬರು ಒಬ್ಬರಾಗುತ್ತಾರೆ. ಸಂಶೋಧಕರ ಗುರುತಿಗೆ ಕೊಡುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ಹಿಡಿದು ಪ್ರಬಂಧಗಳು ಅವರವೇ ಎಂದು ಖಾತ್ರಿ ಮಾಡಿಕೊಳ್ಳಿ, ಸಾಕು.

ಪೀಠಿಕೆಯ ‘ಅಂತರ್ಜಲ ಪಾತಾಳ ಸೇರಿದೆ’ ಪ್ಯಾರಾ ತೆಗೆದಿದ್ದೇವೆ. ದೊಡ್ಡ ಅಂಕಿ ಬೇಕೇಬೇಕಿದ್ದರೆ ಊರು, ಕಾಲ, ಅನಿಶ್ಚಿತತೆ ಮೂರೂ ಸೇರಿರಲಿ. ಭೂಮಿಯ ಗುರುತ್ವದ ಏರಿಳಿತ ಅಳೆಯುವ ಗ್ರೇಸ್ ಉಪಗ್ರಹಗಳ ಅಳತೆಯಿಂದ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ ರಾಜಸ್ಥಾನ, ಪಂಜಾಬ್, ಹರಿಯಾಣಗಳಲ್ಲಿ ವರ್ಷಕ್ಕೆ 17.7 ಘನ ಕಿಲೋಮೀಟರ್ ಅಂತರ್ಜಲ ಬರಿದಾಯಿತು, 4.5 ಆಚೀಚೆ. ಅಂದರೆ ಸುಮಾರು 625 ಟಿಎಂಸಿ. ತುಂಬಿದ ಕೆಆರ್‌ಎಸ್ ಹಿಡಿಯುವುದು 49.45. ಆದರೆ ನಿಮ್ಮ ಲೇಖನಕ್ಕೆ ಇದಕ್ಕಿಂತ, ಸಂಶೋಧಕಿ ನೀರು ತಂದ ಒಂದು ಬೋರ್‌ವೆಲ್‌ನ ಆಳ, ಪಿಎಚ್, ಫ್ಲೋರೈಡ್ ಇವೇ ಚೆನ್ನಾಗಿ ಹೊಂದುತ್ತವೆ.

ತಿದ್ದಿದ ಪ್ರತಿ 900 ಪದ ಮೀರದಿರಲಿ, ಪ್ರಶಸ್ತಿಗಳಿಗೆ ಒಂದೇ ಪ್ಯಾರಾ. ಜೊತೆಗೆ ಮೂಲ ಪ್ರಬಂಧ, ಪ್ರಶಸ್ತಿಯ ಉಲ್ಲೇಖಪತ್ರ, ಮೇಲೆ ಕೇಳಿದ ಅಂಕಿಗಳನ್ನು ಸಂಶೋಧಕಿಯೇ ಓದಿ ಸರಿ ಎಂದ ಒಂದು ಸಾಲಿನ ಇಮೇಲ್ ಕಳಿಸಿ. ಶಾಲು ಹೊದ್ದ ಫೋಟೋ ಬದಲು ಅವರು ಪುಡಿ ತುಂಬಿದ ಕೊಳವೆಯ (ಕಾಲಂ) ಪಕ್ಕ ನಿಂತ ಫೋಟೋ ಇದ್ದರೆ ಅದನ್ನೇ ಹಾಕುತ್ತೇವೆ.

ವಿಶ್ವಾಸದಿಂದ,
ಸಂಪಾದಕ