ಮನ್ಯಾಗಿನ ಜಗಳದಿಂದ ಮಕ್ಕಳ ಮೆದುಳಿಗೆ ಪೆಟ್ಟು ಬೀಳ್ತೈತೇನ್ರಿ?

ಅಕ್ಕನ ಮಗ ಎಂಟು ವರ್ಷದಾಂವ, ಮನ್ಯಾಗ ದಿನಾ ಜಗಳ, ಸಾಲ್ಯಾಗ ಹುಡುಗರ್ನ ಬಡೀತಾನ, ಓದಿದ್ದು ತಲ್ಯಾಗ ನಿಲ್ಲೂದಿಲ್ಲ, ದೊಡ್ಡಾಂವ ಆದ್ರ ತಾನ ಸರಿ ಹೋಗ್ತಾನೇನ್ರಿ ಅಂತ ಕೇಳೀರಿ. ನಾ ಡಾಕ್ಟರ್ ಅಲ್ರಿ, ಹಳೇ ಹುಬ್ಬಳ್ಳ್ಯಾಗ ಅಂಥಾದ ಮನ್ಯಾಗ ಬೆಳದಾಂವ, ಆಮ್ಯಾಲೆ ನಾ ಯಾಕ ಹಿಂಗ ಅಂತ ಸಿಕ್ಕಿದ್ದೆಲ್ಲಾ ಓದಿದಾಂವ.

ನಮ್ಮಪ್ಪ ರಾತ್ರಿ ಕುಡುದು ಬರ್ತಿದ್ದ. ನಾ ಹಾಸಿಗ್ಯಾಗ ಬಿದ್ದಿದ್ರೂ ಕಿವಿ ಓಣ್ಯಾಗ ಇರ್ತಿತ್ತು. ಗೇಟಿನ ಚಿಲಕ ಒಂದ ಏಟಿಗೆ ತೆಗದ್ರ ಇವತ್ತ ಪಾರು, ಎರಡು ಮೂರು ಸಲ ಖಟಖಟ ಅಂದ್ರ ತಂಗೀನ ಎಬ್ಬಿಸಿ ಅಡಗಿಮನಿ ಮೂಲ್ಯಾಗ ಕುಂಡ್ರೂದು. ಮರುದಿನ ಸಾಲ್ಯಾಗ ಹದಿಮೂರರ ಮಗ್ಗಿ ಕೇಳಿದ್ರ ಬಾಯಿ ಬರ್ತಿದ್ದಿಲ್ಲ, ಆದ್ರ ಹಿಂದಿನಾಂವ ಕಂಪಾಸ್ ಬಾಕ್ಸ್ ಬೀಳಿಸಿದ್ರ ತಿರುಗಿ ಕಪಾಳಕ್ಕ ಕೊಟ್ಟಬಿಡ್ತಿದ್ದೆ, ಕೊಟ್ಟಮ್ಯಾಲೆ ಯಾಕ ಕೊಟ್ಟೆ ಅಂತ ನನಗೂ ಗೊತ್ತಿಲ್ಲ. ಮಾಸ್ತರು ದಡ್ಡ ಅಂತನೂ ಅಂದ್ರು, ಗೂಂಡಾ ಅಂತನೂ ಅಂದ್ರು.

ಹೆದರಿಕಿ ಆದಾಗ ಕಾರ್ಟಿಸೋಲ್ ಅನ್ನೂ ಹಾರ್ಮೋನ್ ಏರ್ತೈತಿ. ಪರೀಕ್ಷೆ ಇದ್ದಾಗ ಏರಿ ಇಳದ್ರ ಏನ್ ತ್ರಾಸಿಲ್ಲ, ದಿನಾ ಏರಿದ್ದು ಇಳೀಲಿಲ್ಲ ಅಂದ್ರ ಬೆಳಿಯೂ ಮೆದುಳು ಅದಕ್ಕ ಹೊಂದಿಕೊಂಡ ಬೆಳೀತೈತಿ. ಅಪಾಯ ಹುಡುಕೂ ಅಮಿಗ್ಡಲ ಸಣ್ಣ ಸಪ್ಪಳಕ್ಕೂ ಎದ್ದು ಕುಂಡ್ರತೈತಿ, ನೆನಪು ಕಟ್ಟೂ ಹಿಪೊಕ್ಯಾಂಪಸ್ಸಿಗೆ ಏಟು ಬೀಳ್ತೈತಿ, 'ತಡಿಯಪಾ, ಪೆನ್ಸಿಲ್ ಬಿದ್ದೈತಿ ಅಷ್ಟ' ಅಂತ ಹೇಳಬೇಕಾದ ಹಣಿ ಹಿಂದಿನ ಭಾಗ ಹಿಂದ ಬೀಳ್ತೈತಿ. ಎಲ್ಲಾ ಮಕ್ಕಳಿಗೂ ಅಷ್ಟ ಆಗ್ತೈತಿ ಅಂತಲ್ಲ ಮತ್ತ.

ತಾನ ಸರಿ ಹೋಗ್ತಾನ ಅನ್ನೂದನ್ನ ನಾ ನಂಬೂದಿಲ್ಲ. ರುಮೇನಿಯಾದ ಬುಖಾರೆಸ್ಟ್‌ನ್ಯಾಗ ಅನಾಥಾಲಯದ 136 ಕೂಸುಗಳೊಳಗ ಅರ್ಧ ಮಂದೀನ ಸಾಕು ಮನಿಗೆ ಕಳಿಸಿ ವರ್ಷಗಟ್ಟಲೆ ನೋಡಿದ್ರು, ಮನಿ ಸಿಕ್ಕವು ಸುಧಾರಿಸಿದ್ವು, ಎರಡು ವರ್ಷದೊಳಗ ಸಿಕ್ಕವು ಇನ್ನೂ ಚಲೋ. ಎಂಟಕ್ಕ ತಡ ಆತು ಅಂತ ಗಾಬರಿ ಬ್ಯಾಡ, ಆ ಹಣಿ ಹಿಂದಿನ ಭಾಗ 25ರ ಆಸುಪಾಸಿನ ತನಕ ಬೆಳೀತನ ಇರ್ತೈತಿ.

ನನಗ ಸಿಕ್ಕಿದ್ದು ಗದಗಿನ ಆಯಿ, ಸೂಟ್ಯಾಗ ಎರಡು ತಿಂಗಳು. ಆಕಿ ಏನೂ ಉಪದೇಶ ಮಾಡ್ಲಿಲ್ರಿ. ದಿನಾ ಏಳೂವರಿಗೆ ರೊಟ್ಟಿ, ಆಮ್ಯಾಲೆ ಆಕೀನ ಎದ್ದು ಅಗಳಿ ಹಾಕಿ 'ಇನ್ನ ಯಾರೂ ಬರೂದಿಲ್ಲ, ಮಕ್ಕೋ' ಅಂತಿದ್ಲು, ಯಾರೂ ಬರ್ತನೂ ಇದ್ದಿಲ್ಲ. ವಾರ ಕಳಿಯೂದ್ರಾಗ ಹಾಸಿಗಿ ಒದ್ದಿ ಆಗೂದು ನಿಂತಿತ್ತು.

ಅದಕ್ಕ ಬ್ಯಾಸಗಿ ಸೂಟಿ ತನಕ ಕಾಯಬ್ಯಾಡ್ರಿ, ಶನಿವಾರ ರವಿವಾರ ಹುಡುಗನ್ನ ನಿಮ್ಮನಿಗೆ ಕರಕೊಂಡು ಹೋಗ್ರಿ. ಧಾರವಾಡದಾಗ ಡಿಮ್ಹಾನ್ಸ್ ಅಂತ ಸರಕಾರಿ ಮಾನಸಿಕ ಆರೋಗ್ಯದ ದವಾಖಾನಿ ಐತಿ, ಅಲ್ಲಿ ತೋರಸ್ರಿ, ಮನ್ಯಾಗ ಹಿರ್ಯಾರು 'ಹುಚ್ಚರ ದವಾಖಾನಿ' ಅಂತ ತಕರಾರು ತಗೀತಾರ, ತಗೀಲಿ. ಮೊದಲ ಫೋನಿನ್ಯಾಗ ಮಾತಾಡಬೇಕಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ. ಹುಡುಗಗ ಹೊಡತ ಬೀಳಾಕತ್ತಿದ್ರ ಮಕ್ಕಳ ಸಹಾಯವಾಣಿ 1098ಕ್ಕ ಇವತ್ತ ಫೋನ್ ಹಚ್ಚರಿ.