ಅರ್ಧರಾತ್ರಿ ಬೀಳುವ ಕರ್ಟನ್ ರಾಡ್

ಪ್ರಶ್ನೆ: ಸಾರ್, ನಾವಿರುವುದು ಚಿಕ್ಕಮಗಳೂರಿನ ಒಂದು ಹಳೇ ಬಾಡಿಗೆ ಮನೆಯಲ್ಲಿ. ಗೋಡೆಗೆ ಒಂದು ಮೊಳೆಯೂ ಹೊಡೆಯಬಾರದು ಅಂತ ಓನರ್ ಆಂಟಿ ಮೊದಲ ದಿನವೇ ಹೇಳಿದ್ದಾರೆ. ಅದಕ್ಕೇ ಡ್ರಿಲ್ ಬೇಡದ, ತಿರುಗಿಸಿ ಉದ್ದ ಮಾಡುವ ಸ್ಪ್ರಿಂಗ್ ರಾಡ್ ತಂದೆ. ಕಿಟಕಿ ಗೂಡಿನ ಅಗಲ 46 ಇಂಚು. ಪ್ಯಾಕೆಟ್ ಮೇಲೆ 28ರಿಂದ 48 ಇಂಚು ಅಂತಿದೆ. ಎರಡು ಸಲ ಹಾಕಿದೆ, ಎರಡು ಸಲವೂ ರಾತ್ರಿ ದಢಾರ್ ಅಂತ ಬಿತ್ತು. ನಮ್ಮ ಮನೆಯವರು ಬೆಕ್ಕಿನ ಮೇಲೆ ಹಾಕುತ್ತಿದ್ದಾರೆ. ತಪ್ಪು ಯಾರದು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಬೆಕ್ಕನ್ನು ಬಿಟ್ಟುಬಿಡಿ, ಪಾಪ. ನನಗೆ ಗೋಡೆ ಮೇಲೇ ಅನುಮಾನ.

ಈಗಲೇ ಎದ್ದು ಹೋಗಿ, ರಾಡ್ ತಾಗುವ ಜಾಗಕ್ಕೆ ಅಂಗೈ ಒರೆಸಿ ನೋಡಿ. ಕೈಗೆ ಬಿಳಿ ಹಿಟ್ಟು ಹತ್ತಿತಾ? ಹಳೇ ಮನೆಗಳಿಗೆ ಸುಣ್ಣದ ಮೇಲೆ ಸುಣ್ಣ ಬಳಿದಿರುತ್ತಾರೆ. ಈ ರಾಡಿಗೆ ಸ್ಕ್ರೂ ಇಲ್ಲ, ಬ್ರಾಕೆಟ್ ಇಲ್ಲ. ಒಳಗಿನ ಸ್ಪ್ರಿಂಗ್ ಎರಡೂ ತುದಿಯನ್ನು ಗೋಡೆಗೆ ಒತ್ತುತ್ತದೆ, ರಬ್ಬರ್ ಬುಡ್ಡಿ ಹಿಡಿದುಕೊಳ್ಳುತ್ತದೆ. ಅಷ್ಟೇ ಅದರ ಬಂಡವಾಳ. ರಬ್ಬರ್ ಹಿಡಿದಿರುವುದು ಗೋಡೆಯನ್ನಲ್ಲ, ಸುಣ್ಣದ ಪುಡಿಯನ್ನು ಅಂದರೆ ಎಷ್ಟು ಹೊತ್ತು ನಿಂತೀತು? ಹಗಲೆಲ್ಲ ಕೂದಲೆಳೆಯಷ್ಟು ಜಾರುತ್ತಾ ಬಂದು, ನೀವು ಮಲಗಿದ ಮೇಲೆ ಬೀಳುತ್ತದೆ.

ಒದ್ದೆ ಬಟ್ಟೆಯಲ್ಲಿ ಆ ಎರಡು ಜಾಗ ಒರೆಸಿ. ಪೂರ್ತಿ ಒಣಗಲಿ. ಆಮೇಲೆ ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ. ಸೈಕಲ್ ಅಂಗಡಿಯಲ್ಲಿ ಹಳೇ ಟ್ಯೂಬಿನ ತುಂಡು ಕೇಳಿ, ಸುಮ್ನೆ ಕೊಡುತ್ತಾರೆ. ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಬುಡ್ಡಿಗೂ ಗೋಡೆಗೂ ಮಧ್ಯೆ ಇಡಿ. ಹಿಡಿತ ಜಾಸ್ತಿ ಆಗುತ್ತದೆ.

ಇನ್ನು ಅಳತೆ. ನೀವು ಟೇಪ್ ಹಿಡಿದದ್ದು ಎಲ್ಲಿ? ಮುಕ್ಕಾಲು ಪಾಲು ಜನ ಕೈಗೆ ಸಿಗುವ ಕೆಳಗಡೆ ಅಳೆಯುತ್ತಾರೆ. ಹಳೇ ಗೋಡೆಗಳು ಒಂದಕ್ಕೊಂದು ಸಮ ಇರುವುದಿಲ್ಲ, ಮೇಲೆ ಹೋದಂತೆ ಅರ್ಧ ಇಂಚು ಆಚೀಚೆ ಆಗುತ್ತದೆ. ಸ್ಟೂಲ್ ಹತ್ತಿ, ರಾಡ್ ಕೂರುವ ಎತ್ತರದಲ್ಲೇ ಅಳೆಯಿರಿ. ಆ ಅಳತೆಗಿಂತ ಒಂದು ಇಂಚು ಜಾಸ್ತಿ ಬರುವ ಹಾಗೆ ರಾಡನ್ನು ಕೆಳಗೇ ತಿರುಗಿಸಿಟ್ಟುಕೊಳ್ಳಿ. ಆಮೇಲೆ ಸ್ಪ್ರಿಂಗನ್ನು ಒತ್ತಿ ಹಿಡಿದು, ಓರೆಯಾಗಿ ಗೂಡಿನೊಳಗೆ ತೂರಿಸಿ, ನೆಟ್ಟಗೆ ಮಾಡಿ ಬಿಡಿ. ಗೂಡಿನೊಳಗೇ ನಿಂತು ತಿರುಗಿಸಿ ಬಿಗಿ ಮಾಡಿದರೆ ಬುಡ್ಡಿ ಗೋಡೆಯ ಮೇಲೆ ಉಜ್ಜುತ್ತದೆ, ಸ್ಪ್ರಿಂಗ್ ಸರಿಯಾಗಿ ಒತ್ತುವುದೂ ಇಲ್ಲ.

ಹಾಗೆ ಮಾಡಿದರೆ ನಿಮ್ಮ ರಾಡ್ 47 ಇಂಚು ಆಯಿತು. ಅದರ ಕೊನೆ 48. ಅಂದರೆ ಸಣ್ಣ ಪೈಪು ದಪ್ಪ ಪೈಪಿನೊಳಗೆ ಉಳಿದಿರುವುದು ತೀರಾ ಕಡಿಮೆ. ಜಾಯಿಂಟ್ ಅಲ್ಲಾಡುತ್ತದೆ, ನಡು ಬಗ್ಗುತ್ತದೆ. ಬಗ್ಗಿದ ರಾಡು ಗೋಡೆಯನ್ನು ನೇರವಾಗಿ ಒತ್ತುವುದಿಲ್ಲ. ಅಂಗಡಿಯವರು ಬದಲಾಯಿಸಿ ಕೊಟ್ಟರೆ 36ರಿಂದ 60ರಂಥದ್ದು ತನ್ನಿ. ನಿಮ್ಮ ಕಿಟಕಿ ಆ ಲೆಕ್ಕದ ನಡುವೆ ಬರಬೇಕು, ಅಂಚಿನಲ್ಲಲ್ಲ.

ಇದು ನಾನು ಪೆಟ್ಟು ತಿಂದು ಕಲಿತದ್ದು. ಹಾಸನದಲ್ಲಿ ನಮ್ಮ ಹಾಲಿನ ಕಿಟಕಿಗೆ ಆರಡಿ ರಾಡನ್ನು ಕೊನೇ ಇಂಚಿನವರೆಗೂ ಎಳೆದು ಬ್ರಾಕೆಟ್ ಮೇಲೆ ಕೂರಿಸಿದ್ದೆ. ಜಾಯಿಂಟ್ ಸರಿಯಾಗಿ ಮಧ್ಯಕ್ಕೆ ಬಂದಿತ್ತು, ನಡುವೆ ಸಪೋರ್ಟ್ ಇರಲಿಲ್ಲ. ಒಂದು ವಾರಕ್ಕೆ ಅದು ಬಟ್ಟೆ ಒಣಹಾಕುವ ಹಗ್ಗದಂತೆ ಜೋತಿತು. ನಮ್ಮಾಕೆ ಬಂದು ನೋಡಿ, "ಒದ್ದೆ ಬಟ್ಟೆ ತಂದು ಹರವಲಾ?" ಅಂದಳು. ಮೊಳೆ ಹೊಡೆಯಬಹುದಾದ ಮನೆಯಲ್ಲಿರುವವರು ಉದ್ದದ ರಾಡಿಗೆ ಮೂರನೇ ಬ್ರಾಕೆಟನ್ನು ಜಾಯಿಂಟ್ ಹತ್ತಿರವೇ ಕೊಡಿ.

ಕೊನೆಗೆ ಬಟ್ಟೆ. ಲೈನಿಂಗ್ ಇರುವ ದಪ್ಪ ಪರದೆ ಆದರೆ ಈ ಜಾತಿಯ ರಾಡೇ ಬೇಡ. ತೆಳು ಕಾಟನ್ ಹಾಕಿ. ಒಗೆದ ಪರದೆಯನ್ನು ಹಸಿಯಾಗಿಯೇ ನೇತುಹಾಕುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಇಷ್ಟಾದ ಮೇಲೂ ಬಿದ್ದರೆ ಮಾತ್ರ ಬೆಕ್ಕನ್ನು ವಿಚಾರಿಸಿ.

ಪ್ರಶ್ನೆ: ಮಳೆಗಾಲ ಕಳೆದ ಮೇಲೆ ನಮ್ಮ ರಾಡ್ ಉದ್ದವೂ ಆಗದು, ಗಿಡ್ಡವೂ ಆಗದು. ಎಳೆದೆಳೆದು ಕೈ ನೋವು ಬಂತು. ಎಸೆಯಬೇಕಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ನಿಮ್ಮೂರಿನ ಮಳೆಗೆ ಚಪ್ಪಲಿಯೇ ಬೂಷ್ಟು ಹಿಡಿಯುತ್ತದೆ, ಕಬ್ಬಿಣದ ಪೈಪ್ ಸುಮ್ಮನಿರುತ್ತದಾ? ಎರಡು ಪೈಪಿನ ನಡುವೆ ತುಕ್ಕು ಕೂತಿದೆ. ಎಳೆಯಬೇಡಿ. ಜಾಯಿಂಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ನಿಲ್ಲಿಸಿಡಿ. ಬೆಳಿಗ್ಗೆ ಎರಡೂ ಕಡೆ ಹಳೇ ಬಟ್ಟೆ ಸುತ್ತಿ ಹಿಡಿದು, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಬಿಟ್ಟುಕೊಂಡ ಮೇಲೆ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಪರದೆಗೆ ಕಲೆ. ಕೊಬ್ಬರಿ ಎಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

ಮುಂದಿನ ಸಲ ಸ್ಟೇನ್‌ಲೆಸ್ ಸ್ಟೀಲ್ ರಾಡ್ ಕೊಳ್ಳುವಾಗ, ಅಯಸ್ಕಾಂತ ಅಂಟದಿದ್ದರೆ ಸಾಕು, ತುಕ್ಕು ಹಿಡಿಯದು ಅಂದುಕೊಳ್ಳಬೇಡಿ. ಈ ಸ್ಟೀಲಿನಲ್ಲಿ 202, 304 ಅಂತ ನಂಬರಿನ ದರ್ಜೆಗಳಿವೆ. 202ಕ್ಕೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ, ಆದರೆ ಆ ಸ್ಟೀಲು 304ಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ನಂಬರ್ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.